ಒತ್ತಕ್ಷರ ಕತ್ತರಿಸಿದ್ದು ಬಟನ್ನೋ, ಕ್ಯಾಮೆರಾವೋ: ಕಾಂಪೊನೆಂಟ್ ಸ್ಕ್ರೀನ್‌ಶಾಟ್‌ಗಳನ್ನು ಯಂತ್ರಕ್ಕೆ ಒಪ್ಪಿಸಿದ ಅನುಭವ

ಎರಡು ಭಾಷೆಗಳಲ್ಲಿ ನಡೆಯುವ ವೆಬ್‌ಸೈಟಿನಲ್ಲಿ ಕನ್ನಡ ಪುಟವನ್ನು ದಿನವೂ ನೋಡುವವರು ಬೇರೆ, ಅದನ್ನು ಕಟ್ಟುವವರು ಬೇರೆ. ನಾನು ಕೆಲಸ ಮಾಡುವ ತಂಡದಲ್ಲೂ ಹಾಗೇ ಇತ್ತು. ಕೋಡ್ ಬರೆಯುವಾಗ ಬ್ರೌಸರಿನಲ್ಲಿ ತೆರೆದಿರುವುದು ಇಂಗ್ಲಿಷ್ ಪುಟ, ಟೆಸ್ಟಿಂಗ್ ನಡೆಯುವುದು ಇಂಗ್ಲಿಷ್ ಪುಟದ ಮೇಲೆ, ಡೆಮೊದಲ್ಲಿ ತೋರಿಸುವುದೂ ಅದನ್ನೇ. ಭಾಷೆ ಬದಲಿಸಿ ನೋಡುವುದು ಬಿಡುಗಡೆಯ ಹಿಂದಿನ ಸಂಜೆ, ಅದೂ ಮುಖಪುಟ ಮತ್ತು ಲಾಗಿನ್ ಪುಟ ಅಷ್ಟೇ. ಈ ನಡುವೆ ಬಟನ್‌ಗಳ ಲೈನ್-ಹೈಟ್, ಅಂದರೆ ಸಾಲಿಗೆ ಸಿಗುವ ಎತ್ತರ, ಅಕ್ಷರದ ಅಳತೆಯ 1.5 ಪಟ್ಟು ಇದ್ದದ್ದು 1.2 ಆಯಿತು. ಇಂಗ್ಲಿಷಿನಲ್ಲಿ ಬಟನ್‌ಗಳು ಮೊದಲಿಗಿಂತ ಚೊಕ್ಕವಾಗಿ ಕಂಡವು, ಎಲ್ಲರೂ ಒಪ್ಪಿದರು, ಕೋಡ್ ಸೇರಿಕೊಂಡಿತು. ಕನ್ನಡದಲ್ಲಿ ‘ಅರ್ಜಿ ಸಲ್ಲಿಸಿ’ ಎಂಬ ಬಟನ್ನಿನ ‘ಲ್ಲಿ’ಯ ಒತ್ತು ಅರ್ಧಕ್ಕೆ ತುಂಡಾಗಿತ್ತು. ಅದು ನಮಗೆ ತಿಳಿದದ್ದು ಬಹಳ ದಿನಗಳಾದ ಮೇಲೆ, ಬಳಕೆದಾರರೊಬ್ಬರು ಫೋನಿನಿಂದ ಚಿತ್ರ ತೆಗೆದು ಕಳಿಸಿದಾಗ.

ಕಾಂಪೊನೆಂಟ್‌ಗಳ, ಅಂದರೆ ಪುಟವನ್ನು ಕಟ್ಟುವ ಬಟನ್, ಡ್ರಾಪ್‌ಡೌನಿನಂಥ ಬಿಡಿ ಭಾಗಗಳ, ಸ್ಕ್ರೀನ್‌ಶಾಟ್ ತೆಗೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕೆಂದು ನಾನು ಹಟ ಹಿಡಿದದ್ದು ಆಗಿನಿಂದ. ಅಲ್ಲಿಯವರೆಗೂ ಸ್ಕ್ರೀನ್‌ಶಾಟ್ ಎಂದರೆ ದಾಖಲೆಪುಟಗಳಿಗೆ ಅಂಟಿಸುವ ಚಿತ್ರ. ಬಟನ್ ಹೀಗಿದೆ, ಡ್ರಾಪ್‌ಡೌನ್ ಹೀಗಿದೆ ಎಂದು ತೋರಿಸಲು ಯಾರಾದರೂ ಕೈಯಿಂದ ಕತ್ತರಿಸಿ ಹಾಕುತ್ತಿದ್ದರು. ಆ ಚಿತ್ರಗಳು ಬೇಗ ಹಳತಾಗುತ್ತವೆ. ಬಣ್ಣ ಬದಲಾದರೂ ದಾಖಲೆಯಲ್ಲಿ ಹಳೆಯ ನೀಲಿಯೇ ಉಳಿದಿರುತ್ತದೆ. ನನಗೆ ಬೇಕಾಗಿದ್ದದ್ದು ದಾಖಲೆಯ ಅಲಂಕಾರಕ್ಕಿಂತ ಹೆಚ್ಚಿನದು: ಯಾರು ಯಾವ ಸಾಲು ಬದಲಿಸಿದರೂ, ಆ ಬದಲಾವಣೆಯ ಜತೆಗೇ ಎಲ್ಲ ಕಾಂಪೊನೆಂಟ್‌ಗಳ ಕನ್ನಡ ರೂಪವೂ ಕಣ್ಣಮುಂದೆ ಬಂದು ನಿಲ್ಲಬೇಕು. ಯಾರೂ ನೆನಪಿಟ್ಟುಕೊಂಡು ಭಾಷೆ ಬದಲಿಸಬೇಕಾದ ಅಗತ್ಯವೇ ಇರಬಾರದು.

ಕಾಂಪೊನೆಂಟ್‌ಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಸ್ಟೋರಿಬುಕ್ ನಮ್ಮಲ್ಲಿ ಆಗಲೇ ಇತ್ತು. 2016ರಲ್ಲಿ ರಿಯಾಕ್ಟ್ ಎಂಬ ವೆಬ್ ಲೈಬ್ರರಿಗಾಗಿ ಶುರುವಾದ ಈ ಸಾಧನ ಈಗ ಅದರಂಥವೇ ಆದ ವ್ಯೂ, ಆಂಗ್ಯುಲರ್, ಸ್ವೆಲ್ಟ್ ಎಲ್ಲದಕ್ಕೂ ಸಿಗುತ್ತದೆ. ಒಂದು ಕಾಂಪೊನೆಂಟಿನ ಒಂದೊಂದು ಸ್ಥಿತಿಯೂ ಒಂದು ‘ಸ್ಟೋರಿ’: ಸಾಮಾನ್ಯ ಬಟನ್ ಒಂದು ಸ್ಟೋರಿ, ನಿಷ್ಕ್ರಿಯ ಬಟನ್ ಇನ್ನೊಂದು, ಲೋಡ್ ಆಗುತ್ತಿರುವ ಬಟನ್ ಮತ್ತೊಂದು. ಸ್ಟೋರಿಬುಕ್ಕನ್ನು ಬಿಲ್ಡ್ ಮಾಡಿದಾಗ ಇಂಡೆಕ್ಸ್ ಎಂಬ ಜೇಸನ್ ಕಡತ ಹುಟ್ಟುತ್ತದೆ, ಅದರಲ್ಲಿ ಪ್ರತಿ ಸ್ಟೋರಿಯ ಐಡಿ ಇರುತ್ತದೆ. ಐಫ್ರೇಮ್ ಪುಟಕ್ಕೆ ಆ ಐಡಿಯನ್ನು ವಿಳಾಸದಲ್ಲೇ ಕೊಟ್ಟರೆ ಸುತ್ತಲಿನ ಮೆನು, ಪಟ್ಟಿ ಏನೂ ಇಲ್ಲದೆ ಆ ಕಾಂಪೊನೆಂಟ್ ಮಾತ್ರ ತೆರೆದುಕೊಳ್ಳುತ್ತದೆ. ಅದೇ ವಿಳಾಸದಲ್ಲಿ ‘ಗ್ಲೋಬಲ್ಸ್’ ಎಂದು ಸೇರಿಸಿ ಭಾಷೆ ಕನ್ನಡ, ಥೀಮ್ ಕಪ್ಪು ಎಂದೂ ಹೇಳಬಹುದು. ಅಂದರೆ ಯಂತ್ರಕ್ಕೆ ಬೇಕಾದ ವಿಳಾಸಪಟ್ಟಿ ಸಿದ್ಧವಾಗಿಯೇ ಇತ್ತು. ಆ ಪಟ್ಟಿ ಓದಿ, ಒಂದೊಂದೇ ವಿಳಾಸ ತೆರೆದು, ಚಿತ್ರ ತೆಗೆದು, ಐಡಿಯ ಹೆಸರಿನಲ್ಲೇ ಉಳಿಸುವ ಸ್ಕ್ರಿಪ್ಟ್ ಬರೆಯುವುದು ದೊಡ್ಡ ಕೆಲಸವಲ್ಲ. ನಾನು ಬಳಸಿದ್ದು ಬ್ರೌಸರನ್ನು ಕೋಡಿನಿಂದ ನಡೆಸುವ ಪ್ಲೇರೈಟ್. 2017ರಲ್ಲಿ ಕ್ರೋಮ್ ತಂಡ ಅಂಥದೇ ಸಾಧನ ಪಪೆಟಿಯರ್ ಹೊರತಂದಿತು, ಅದರಲ್ಲಿ ದುಡಿದವರೇ ಕೆಲವರು ಮೈಕ್ರೋಸಾಫ್ಟಿಗೆ ಹೋಗಿ 2020ರಲ್ಲಿ ಪ್ಲೇರೈಟ್ ಹೊರತಂದರು. ಕ್ರೋಮಿನ ಮೂಲವಾದ ಕ್ರೋಮಿಯಂ, ಫೈರ್‌ಫಾಕ್ಸ್, ಸಫಾರಿಯ ಮೂಲವಾದ ವೆಬ್‌ಕಿಟ್ ಮೂರನ್ನೂ ಒಂದೇ ಕೋಡಿನಿಂದ ನಡೆಸಬಹುದು ಎಂಬುದು ಅದನ್ನು ಆರಿಸಲು ಕಾರಣ. ಇದೇ ಕೆಲಸವನ್ನು ದುಡ್ಡಿಗೆ ಮಾಡಿಕೊಡುವ ಕ್ರೊಮ್ಯಾಟಿಕ್, ಪರ್ಸಿಯಂಥ ಸೇವೆಗಳೂ ಇವೆ. ಆದರೆ ಫಾಂಟ್‌ಗಳ ಮೇಲೆ ಹಿಡಿತ ನನ್ನ ಕೈಯಲ್ಲೇ ಇರಬೇಕಿತ್ತು. ಅದು ಯಾಕೆ ಎಂಬುದು ಮೊದಲ ಓಟದಲ್ಲೇ ಗೊತ್ತಾಯಿತು.

ಡೆಬಿಯನ್ ಸ್ಲಿಮ್ ಎಂಬ ಪುಟ್ಟ ಲಿನಕ್ಸ್ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮತ್ತು ಕ್ರೋಮಿಯಂ ಮಾತ್ರ ಹಾಕಿ ಕಟ್ಟಿದ ಕಂಟೇನರಿನಲ್ಲಿ, ಅಂದರೆ ಬೇಕಾದ್ದನ್ನು ಮಾತ್ರ ತುಂಬಿದ ಪ್ರತ್ಯೇಕ ಪರಿಸರದಲ್ಲಿ, ಸ್ಕ್ರಿಪ್ಟ್ ಓಡಿಸಿದೆ. ಇಂಗ್ಲಿಷ್ ಚಿತ್ರಗಳು ಸರಿಯಾಗಿ ಬಂದವು. ಕನ್ನಡದಲ್ಲಿ ಬಟನ್‌ಗಳು, ಶೀರ್ಷಿಕೆಗಳು, ಟೇಬಲ್ಲುಗಳು ಸರಿಯಾಗಿಯೇ ಇದ್ದವು. ಆದರೆ ಇನ್‌ಪುಟ್ ಪೆಟ್ಟಿಗೆಗಳ ಒಳಗಿನ ಬರಹ ಮಾತ್ರ ಖಾಲಿ ಚೌಕಗಳ ಸಾಲು. ‘ನಿಮ್ಮ ಹೆಸರು’ ಎಂಬ ಲೇಬಲ್ ಸರಿಯಾಗಿದೆ, ಅದರ ಕೆಳಗೆ ಪೆಟ್ಟಿಗೆಯಲ್ಲಿ ತುಂಬಿದ ಹೆಸರು ಚೌಕ ಚೌಕ ಚೌಕ.

ಸಾಮಾನ್ಯವಾಗಿ ಇಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಕಂಟೇನರಿಗೆ ಕನ್ನಡ ಫಾಂಟ್ ಹಾಕಿ. ಡೆಬಿಯನ್ನಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಎಲ್ಲದಕ್ಕೂ ಪ್ಯಾಕೇಜ್ ಇದೆ, ಒಂದು ಸಾಲಿನ ಕೆಲಸ. ಆದರೆ ನನಗೆ ಒಂದು ಪ್ರಶ್ನೆ ಉಳಿಯಿತು. ನಮ್ಮ ಸೈಟು ನೋಟೋ ಸಾನ್ಸ್ ಕನ್ನಡವನ್ನು ವೆಬ್ ಫಾಂಟ್ ಆಗಿ ತಾನೇ ಕಳಿಸುತ್ತದೆ, ಅದಕ್ಕೇ ಬಟನ್‌ಗಳು ಸರಿಯಾಗಿ ಬಂದವು. ಹಾಗಿದ್ದರೆ ಇನ್‌ಪುಟ್‌ಗೆ ಮಾತ್ರ ಅದು ಯಾಕೆ ತಲುಪಲಿಲ್ಲ? ಕಾರಣ ಹಳೆಯದು. ಬ್ರೌಸರ್‌ಗಳಲ್ಲಿ ಇನ್‌ಪುಟ್, ಟೆಕ್ಸ್ಟ್‌ಏರಿಯಾ, ಸೆಲೆಕ್ಟ್‌ಗಳು ಸುತ್ತಲಿನ ಪುಟದ ಫಾಂಟನ್ನು ತಾವಾಗಿ ಪಡೆದುಕೊಳ್ಳುವುದಿಲ್ಲ. ಫಾಂಟ್ ಇನ್‌ಹೆರಿಟ್ ಎಂದು, ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ನಾವೇ ಬರೆಯಬೇಕು. ನಮ್ಮ ಸ್ಟೈಲಿನಲ್ಲಿ ಇಂಗ್ಲಿಷ್ ಫಾಂಟಿನ ಹೆಸರನ್ನು ಮಾತ್ರ ಇನ್‌ಪುಟ್‌ಗೆ ಬೇರೆಯಾಗಿ ಬರೆಯಲಾಗಿತ್ತು. ಮ್ಯಾಕ್ ಬಳಸುವವರಿಗೆ ಆ ಜಾಗದಲ್ಲಿ ಕನ್ನಡ ಸಂಗಮ್ ಕಾಣುತ್ತಿತ್ತು, ವಿಂಡೋಸ್‌ನವರಿಗೆ ನಿರ್ಮಲಾ ಯುಐ, ಆಂಡ್ರಾಯ್ಡಿನಲ್ಲಿ ಹೇಗೂ ನೋಟೋ. ಎಲ್ಲರಿಗೂ ಏನೋ ಒಂದು ಕನ್ನಡ ಕಾಣುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಮೂರು ಯಂತ್ರಗಳಲ್ಲಿ ಮೂರು ಅಗಲದ, ಮೂರು ಎತ್ತರದ ಅಕ್ಷರಗಳು ಬರುತ್ತಿದ್ದವು. ಒಂದು ಪೆಟ್ಟಿಗೆ ವಿಂಡೋಸ್‌ನಲ್ಲಿ ಮಾತ್ರ ಸ್ವಲ್ಪ ಎತ್ತರವಾಗಿ ಕಾಣುತ್ತದೆ ಎಂಬ ಹಳೆಯ ದೂರಿಗೂ ಇದೇ ಮೂಲ.

ಹಾಗಾಗಿ ನಾನು ಕಂಟೇನರಿನಲ್ಲಿ ಕನ್ನಡ ಫಾಂಟ್ ಬೇಕೆಂದೇ ಹಾಕಲಿಲ್ಲ. ಈಗಲೂ ಹಾಕಿಲ್ಲ. ಫಾಂಟ್‌ಗಳ ಪಟ್ಟಿ ಕೇಳುವ ಎಫ್‌ಸಿ-ಲಿಸ್ಟ್ ಆಜ್ಞೆಗೆ ಕನ್ನಡ ಭಾಷೆ ಎಂದು ಕೊಟ್ಟರೆ ಉತ್ತರ ಖಾಲಿ ಬರಬೇಕು, ಇಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ ಎಂದು ಒಂದು ಪರೀಕ್ಷೆಯನ್ನೇ ಇಟ್ಟಿದ್ದೇನೆ. ನಮ್ಮ ಕೋಡ್ ತಾನಾಗಿ ಫಾಂಟ್ ಒದಗಿಸದ ಪ್ರತಿಯೊಂದು ಜಾಗವೂ ಆಗ ಚೌಕಗಳಾಗಿ ಎದ್ದು ಕಾಣುತ್ತದೆ. ಕನ್ನಡ ಬಾರದ ಸಹೋದ್ಯೋಗಿಯೂ ಅದನ್ನು ನೋಡಿ ‘ಇಲ್ಲಿ ಏನೋ ತಪ್ಪಿದೆ’ ಎನ್ನಬಲ್ಲರು. ಟೂಲ್‌ಟಿಪ್ ಒಂದರಲ್ಲಿ, ಚಾರ್ಟಿನ ಅಕ್ಷದ ಹೆಸರುಗಳಲ್ಲಿ, ಫೈಲ್ ಅಪ್‌ಲೋಡ್ ಪೆಟ್ಟಿಗೆಯಲ್ಲಿ ಹೀಗೇ ಚೌಕಗಳು ಸಿಕ್ಕವು. ಚಾರ್ಟ್ ಲೈಬ್ರರಿ ಕ್ಯಾನ್ವಾಸಿನ ಮೇಲೆ ಬರೆಯುವುದರಿಂದ ಪುಟದ ಸಿಎಸ್‌ಎಸ್ ಅಲ್ಲಿಗೆ ಇಳಿಯುವುದೇ ಇಲ್ಲ, ಅದಕ್ಕೆ ಫಾಂಟಿನ ಹೆಸರನ್ನು ಪ್ರತ್ಯೇಕವಾಗಿ ಹೇಳಬೇಕಾಯಿತು.

ಮುಂದಿನ ಹಂತ ಬೇಸರದ್ದು, ಆದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಏನೂ ಬದಲಾಗದಿದ್ದಾಗ ಚಿತ್ರವೂ ಒಂದು ಪಿಕ್ಸೆಲ್ ಬದಲಾಗಬಾರದು. ಪ್ಲೇರೈಟ್ ತನ್ನ ಹೋಲಿಕೆಯಲ್ಲಿ ಅರ್ಧ ಕೆಲಸ ತಾನೇ ಮಾಡಿಕೊಳ್ಳುತ್ತದೆ: ಕರ್ಸರ್ ಮಿಟುಕುವುದನ್ನು ಅಡಗಿಸುತ್ತದೆ, ಕೊನೆಯಿರುವ ಸಿಎಸ್‌ಎಸ್ ಅನಿಮೇಶನ್‌ಗಳನ್ನು ಕೊನೆಯ ಸ್ಥಿತಿಗೆ ಒಯ್ದು ನಿಲ್ಲಿಸುತ್ತದೆ, ಎರಡು ಚಿತ್ರ ಸಾಲಾಗಿ ಒಂದೇ ಆಗುವವರೆಗೆ ಕಾಯುತ್ತದೆ. ಉಳಿದ ಅರ್ಧ ನಮ್ಮದು. ‘5 ನಿಮಿಷದ ಹಿಂದೆ’ ಎಂದು ತೋರಿಸುವ ಕಾಂಪೊನೆಂಟಿಗೆ ಗಡಿಯಾರವನ್ನೇ ಹೆಪ್ಪುಗಟ್ಟಿಸಬೇಕು. ನಮ್ಮ ಸ್ಟೋರಿಗಳಲ್ಲಿ ಈಗ ಎಂದೆಂದೂ 2024ರ ನವೆಂಬರ್ 1. ಪ್ರೊಫೈಲ್ ಚಿತ್ರಗಳು ಹೊರಗಿನ ಸರ್ವರಿನಿಂದ ಬರುವಂತಿಲ್ಲ. ಪಟ್ಟಿಗಳಲ್ಲಿ ಯಾದೃಚ್ಛಿಕ ಹೆಸರು ಹುಟ್ಟಿಸುವ ಲೈಬ್ರರಿಗಳಿಗೆ, ಪ್ರತಿ ಸಲ ಅವೇ ಹೆಸರು ಬರುವಂತೆ, ಬೀಜಸಂಖ್ಯೆ ಕೊಡಬೇಕು, ಅಥವಾ ಅವನ್ನು ಕಿತ್ತುಹಾಕಿ ಹೆಸರುಗಳನ್ನು ಕೈಯಿಂದ ಬರೆಯಬೇಕು. ನಾನು ಎರಡನೆಯದನ್ನು ಮಾಡಿದೆ, ಅದರಿಂದ ಆದ ಲಾಭವನ್ನು ಮುಂದೆ ಹೇಳುತ್ತೇನೆ.

ಬೇಸ್‌ಲೈನ್ ಚಿತ್ರಗಳನ್ನು, ಅಂದರೆ ಹೊಸದನ್ನು ಹೋಲಿಸಿ ನೋಡುವ ಮೂಲ ಚಿತ್ರಗಳನ್ನು, ಎಲ್ಲಿ ಹುಟ್ಟಿಸಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಓಡಿಸುವ ಸಿಐ ಯಂತ್ರದಲ್ಲಿ ಮಾತ್ರ. ಪ್ಲೇರೈಟ್ ಚಿತ್ರದ ಹೆಸರಿನಲ್ಲೇ ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಮ್ಮಿನ ಹೆಸರನ್ನು ಸೇರಿಸುವುದು ಸುಮ್ಮನೆ ಅಲ್ಲ. ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಅಕ್ಷರದ ಅಂಚನ್ನು ಬೇರೆ ಬೇರೆ ರೀತಿಯಲ್ಲಿ ನಯಗೊಳಿಸುತ್ತವೆ. ಕಂಟೇನರ್ ಒಂದೇ ಆದರೂ ಲ್ಯಾಪ್‌ಟಾಪಿನ ಪ್ರೊಸೆಸರ್ ಆರ್ಮ್ ಇದ್ದು ಸಿಐ ಯಂತ್ರ ಇಂಟೆಲ್ ಮಾದರಿಯದಾದರೆ ಅಲ್ಲಲ್ಲಿ ಒಂದೆರಡು ಪಿಕ್ಸೆಲ್ ಸರಿಯುತ್ತದೆ. ಆದ್ದರಿಂದ ಯಾರ ಲ್ಯಾಪ್‌ಟಾಪಿನ ಚಿತ್ರಕ್ಕೂ ಮಾನ್ಯತೆ ಇಲ್ಲ. ಬದಲಾವಣೆ ಒಪ್ಪಿಗೆಯಾದರೆ ಪುಲ್ ರಿಕ್ವೆಸ್ಟಿಗೆ, ಅಂದರೆ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗೆ, ಒಂದು ಲೇಬಲ್ ಹಚ್ಚಬೇಕು, ಸಿಐ ಹೊಸ ಚಿತ್ರ ತೆಗೆದು ತಾನೇ ಕಮಿಟ್ ಮಾಡುತ್ತದೆ. ಚಿತ್ರಗಳ ಪಿಎನ್‌ಜಿ ಕಡತಗಳು ಕೋಡಿನ ಗಿಟ್ ಇತಿಹಾಸವನ್ನು ಊದಿಸದಂತೆ, ದೊಡ್ಡ ಕಡತಗಳನ್ನು ಬೇರೆಯಾಗಿ ಇಡುವ ಎಲ್‌ಎಫ್‌ಎಸ್‌ಗೆ ಹಾಕಿದೆವು.

ಇನ್ನು ಮೂಲ ಕಾಯಿಲೆಯ ವಿಷಯ, ಒತ್ತಕ್ಷರ.

ಚಿತ್ರಗಳ ಮೊದಲ ರಾಶಿಯನ್ನು ಪರದೆಯ ಮೇಲೆ ಹರಡಿಕೊಂಡು ನೋಡಿದಾಗ ಒತ್ತು ಕತ್ತರಿಸಿಹೋದ ಕಾಂಪೊನೆಂಟ್‌ಗಳು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದವು. ಬಟನ್ ಸರಿ, ಅದು ಗೊತ್ತಿತ್ತು. ಆದರೆ ಟ್ಯಾಗ್, ಬ್ರೆಡ್‌ಕ್ರಂಬ್, ಟ್ಯಾಬ್, ಟೇಬಲ್ಲಿನ ತಲೆಸಾಲು, ಕಾರ್ಡಿನ ಶೀರ್ಷಿಕೆ ಎಲ್ಲದರಲ್ಲೂ ‘ರಾಷ್ಟ್ರೀಯ’ದ ‘ಷ್ಟ್ರೀ’ ಬುಡದಲ್ಲಿ ಸಪಾಟಾಗಿ ಕೊಯ್ದಂತೆ ಕಾಣುತ್ತಿತ್ತು. ಕಾರ್ಡಿನ ಶೀರ್ಷಿಕೆಯನ್ನು ಬ್ರೌಸರಿನಲ್ಲಿ ನಾನೇ ತೆರೆದು ನೋಡಿದೆ. ಅಲ್ಲಿ ಒತ್ತು ಪೂರ್ತಿ ಇತ್ತು! ಚಿತ್ರದಲ್ಲಿ ಇಲ್ಲ, ಬ್ರೌಸರಿನಲ್ಲಿ ಇದೆ.

ಇದನ್ನು ಬಿಡಿಸಿಕೊಳ್ಳಲು ಅಕ್ಷರ ಎಲ್ಲಿ ಕೂರುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕಾಯಿತು. ಲೈನ್-ಹೈಟ್ 1 ಎಂದು ಕೊಟ್ಟ 20 ಪಿಕ್ಸೆಲ್ಲಿನ ಶೀರ್ಷಿಕೆಗೆ ಬ್ರೌಸರ್ ಲೆಕ್ಕದಲ್ಲಿ ಸಿಗುವುದು 20 ಪಿಕ್ಸೆಲ್ ಎತ್ತರದ ಪೆಟ್ಟಿಗೆ. ಇಂಗ್ಲಿಷ್ ಅಕ್ಷರಗಳು, ಜಿ, ವೈಗಳ ಬಾಲವೂ ಸೇರಿ, ಹೆಚ್ಚುಕಡಿಮೆ ಅದರೊಳಗೇ ಮುಗಿಯುತ್ತವೆ. ಕನ್ನಡದಲ್ಲಿ ತಲೆಕಟ್ಟು, ಗುಡಿಸು ಮೇಲೆ, ಒತ್ತು ಕೆಳಗೆ. ‘ಷ್ಟ್ರೀ’ಯಲ್ಲಿ ಒತ್ತಿನ ಜತೆಗೆ ಇನ್ನೊಂದು ಒತ್ತು. ನೋಟೋ ಸಾನ್ಸ್ ಕನ್ನಡದಲ್ಲಿ ಈ ಗುಂಪು ಪೆಟ್ಟಿಗೆಯ ಗಡಿ ದಾಟಿ ಕೆಳಗೆ ಇಳಿಯುತ್ತದೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ (ಹೊರಬಿದ್ದದ್ದನ್ನು ಅಡಗಿಸು) ಎಂದು ಇಲ್ಲದಿದ್ದರೆ ಬ್ರೌಸರ್ ಆ ಮಸಿಯನ್ನು ಹೊರಗೂ ಬಿಡುತ್ತದೆ, ಓದುಗರಿಗೆ ಏನೂ ತೊಂದರೆಯಿಲ್ಲ. ಆದರೆ ಪ್ಲೇರೈಟಿಗೆ ‘ಈ ಎಲಿಮೆಂಟಿನ ಚಿತ್ರ ತೆಗೆ’ ಎಂದರೆ ಅದು ಅಳೆಯುವುದು ಪೆಟ್ಟಿಗೆಯನ್ನು, ಮಸಿಯನ್ನಲ್ಲ. ಪೆಟ್ಟಿಗೆಯ ಗಡಿಯಲ್ಲಿ ಚಿತ್ರ ಕತ್ತರಿಸುತ್ತದೆ. ಕಾರ್ಡಿನ ವಿಷಯದಲ್ಲಿ ಕೊಯ್ದದ್ದು ಕ್ಯಾಮೆರಾ. ಟ್ಯಾಗಿನ ವಿಷಯದಲ್ಲಿ ಕೊಯ್ದದ್ದು ಟ್ಯಾಗೇ, ಏಕೆಂದರೆ ಉದ್ದ ಹೆಸರಿಗೆ ಮೂರು ಚುಕ್ಕಿ ತೋರಿಸಲು ಅದಕ್ಕೆ ಓವರ್‌ಫ್ಲೋ ಹಿಡನ್ ಹಾಕಿತ್ತು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಒಂದಿಷ್ಟೂ ವ್ಯತ್ಯಾಸ ಕಾಣದು.

ಕ್ಯಾಮೆರಾ ಸುಳ್ಳು ಹೇಳುವಂತಿದ್ದರೆ ಇಡೀ ವ್ಯವಸ್ಥೆಯೇ ವ್ಯರ್ಥ. ಹಾಗಾಗಿ ಎಲಿಮೆಂಟಿನ ಚಿತ್ರ ತೆಗೆಯುವುದನ್ನೇ ಬಿಟ್ಟೆ. ಪ್ರತಿ ಸ್ಟೋರಿಯ ಸುತ್ತ ಡೆಕೊರೇಟರ್ ಮೂಲಕ 24 ಪಿಕ್ಸೆಲ್ ಅಂಚು ಕೊಟ್ಟು, ಆ ಹೊರಗಿನ ಚೌಕಟ್ಟಿನ ಚಿತ್ರ ತೆಗೆಯತೊಡಗಿದೆ. ಪೆಟ್ಟಿಗೆಯಿಂದ ಹೊರಬಿದ್ದ ಒತ್ತು ಈಗ ಅಂಚಿನಲ್ಲಿ ಕಾಣುತ್ತದೆ, ನಿಜಕ್ಕೂ ಕತ್ತರಿಸಿದ್ದರೆ ಮಾತ್ರ ಕತ್ತರಿಸಿದಂತೆ ಕಾಣುತ್ತದೆ. ಇದೇ ಅಂಚಿನಿಂದ ಇನ್ನೊಂದು ಉಪಕಾರವೂ ಆಯಿತು: ನೆರಳು, ಫೋಕಸ್ ಆದಾಗ ಬಟನ್ ಸುತ್ತ ಬರುವ ನೀಲಿ ಬಳೆ, ಇವೂ ಪೆಟ್ಟಿಗೆಯ ಹೊರಗಿನವೇ, ಹಿಂದಿನ ಚಿತ್ರಗಳಲ್ಲಿ ಅವು ಇರಲೇ ಇಲ್ಲ. ಡೈಲಾಗ್ ಮತ್ತು ಡ್ರಾಪ್‌ಡೌನ್ ಪಟ್ಟಿಗಳು ಪೋರ್ಟಲ್ ಮೂಲಕ ಸ್ಟೋರಿಯ ಬೇರಿನಿಂದಲೇ ಆಚೆಗೆ, ಬಾಡಿಯ ತುದಿಗೆ ಹೋಗಿ ಕೂರುತ್ತವೆ. ಅವುಗಳಿಗೆ ಇಡೀ ಪರದೆಯ ಚಿತ್ರವೇ ಗತಿ.

ನಿಜವಾಗಿ ಕೊಯ್ಯುತ್ತಿದ್ದ ಕಾಂಪೊನೆಂಟ್‌ಗಳಿಗೆ ಪರಿಹಾರ ಕಷ್ಟದ್ದೇನಲ್ಲ. ಕನ್ನಡ ಭಾಷೆಯ ಗುರುತಿರುವ ಎಲಿಮೆಂಟ್‌ಗಳಿಗೆ ಲೈನ್-ಹೈಟ್ 1.6, ಮೂರು ಚುಕ್ಕಿ ಬೇಕಾದಲ್ಲಿ ಕೆಳಗೆ ಒಂದಿಷ್ಟು ಪ್ಯಾಡಿಂಗ್. ಲೈನ್-ಹೈಟನ್ನು ಅಕ್ಷರದ ಅಳತೆಯ 1.5 ಪಟ್ಟಿಗೆ ಏರಿಸಿದರೂ ಬರಹ ಕಳೆದುಹೋಗಬಾರದು ಎಂದು ವೆಬ್ ಎಲ್ಲರಿಗೂ ಎಟುಕಬೇಕೆಂಬ ಮಾರ್ಗಸೂಚಿ, 2018ರ ಡಬ್ಲ್ಯೂಸಿಎಜಿ 2.1ರಲ್ಲಿ ಹೇಗೂ ಇದೆ. ಅಂದರೆ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಬಿಗಿಯಾಗಿ ಕಟ್ಟಿಹಾಕಿದ ಬಟನ್ನಿನಲ್ಲಿ ಆಗ ಬರಹ ತುಂಡಾದರೆ ಅದು ಇಂಗ್ಲಿಷಿನಲ್ಲೂ ತಪ್ಪೇ. ಆ ವಾದ ಮುಂದಿಟ್ಟ ಮೇಲೆ ವಿನ್ಯಾಸಕಾರರೂ ಒಪ್ಪಿದರು. ಆದರೆ ಅವರ ಮನ ಒಲಿಸಿದ್ದು ನಿಯಮವಲ್ಲ, ಚಿತ್ರ. ‘ಸಲ್ಲಿಸಿ’ಯ ಬುಡ ಕೊಯ್ದ ಚಿತ್ರವನ್ನೂ ಸರಿಯಾದದ್ದನ್ನೂ ಜತೆಗಿಟ್ಟು, ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸಿದಾಗ ಕನ್ನಡ ಓದಲು ಬಾರದವರಿಗೂ ಅದು ಅರ್ಥವಾಯಿತು.

ಸ್ಟೋರಿಗಳಲ್ಲಿ ಯಾವ ಕನ್ನಡ ಇರಬೇಕು ಎಂಬುದಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ಮೊದಲು ಎಲ್ಲೆಡೆ ‘ಮಾದರಿ ಪಠ್ಯ’ ಎಂದಿತ್ತು. ಅದರಲ್ಲಿರುವುದು ಸುಲಭದ ಒಂದು ಒತ್ತು ಮಾತ್ರ, ಅದಕ್ಕೆ ಯಾವ ಪೆಟ್ಟಿಗೆಯೂ ಕಷ್ಟಪಡುವುದಿಲ್ಲ. ಪೆಟ್ಟಿಗೆಯನ್ನು ನಿಜವಾಗಿ ಪರೀಕ್ಷಿಸುವ ಪದಗಳು ಬೇಕು: ‘ಸ್ತ್ರೀ’, ‘ಶಾಸ್ತ್ರಜ್ಞ’, ‘ಜ್ಯೋತ್ಸ್ನಾ’, ‘ದೃಷ್ಟಿ’, ಅರ್ಕಾವತ್ತು ಬಲಕ್ಕೆ ಚಾಚುವ ‘ಕಾರ್ಯಾಚರಣೆ’, ಮೇಲೆ ಕೆಳಗೆ ಎರಡೂ ಕಡೆ ಬೆಳೆಯುವ ‘ಸ್ಥಿತಿ’. ಜಿಲ್ಲೆಯ ಡ್ರಾಪ್‌ಡೌನಿಗೆ ರಾಜ್ಯದ 31 ಜಿಲ್ಲೆಗಳ ಹೆಸರನ್ನೇ ಹಾಕಿದೆ. ‘ಹಾಸನ’ ಮತ್ತು ‘ಚಿಕ್ಕಬಳ್ಳಾಪುರ’ ಒಂದೇ ಪಟ್ಟಿಯಲ್ಲಿದ್ದಾಗ ಅಗಲದ ಸಮಸ್ಯೆ ತಾನಾಗಿ ಬಯಲಾಗುತ್ತದೆ. ಜನರ ಹೆಸರುಗಳನ್ನು ಕೈಯಿಂದ ಬರೆದೆ ಎಂದೆನಲ್ಲ, ಅದರಿಂದಲೇ ಒಂದು ದೋಷ ಸಿಕ್ಕಿತು. ಪ್ರೊಫೈಲ್ ಚಿತ್ರ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸುವ ಅವತಾರ್ ಕಾಂಪೊನೆಂಟ್ ಇದೆ. ‘ಶ್ರೀನಿವಾಸ’ ಎಂಬ ಹೆಸರಿಗೆ ವೃತ್ತದಲ್ಲಿ ಬಂದದ್ದು ಬರೀ ‘ಶ’. ‘ಕೃಷ್ಣ’ನಿಗೆ ‘ಕ’. ಜಾವಾಸ್ಕ್ರಿಪ್ಟಿನಲ್ಲಿ ಸೊನ್ನೆಯ ಸ್ಥಾನದ ಅಕ್ಷರ ಕೊಡು ಎಂದರೆ ಅದು ಕೊಡುವುದು ಒಂದು ಕೋಡ್ ಘಟಕ, ನಾವು ಅಕ್ಷರ ಎನ್ನುವುದನ್ನಲ್ಲ.

ಇದಕ್ಕೆ, ಬರಹವನ್ನು ಓದುಗರ ಲೆಕ್ಕದ ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಎಂಬುದು ಬ್ರೌಸರಿನಲ್ಲೇ ಇದೆ. ಅದನ್ನು ಹಾಕಿದ ಮೇಲೆ ‘ಕೃ’ ಸರಿಯಾಯಿತು, ಆದರೆ ಶ್ರೀನಿವಾಸನಿಗೆ ‘ಶ್’ ಬಂತು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯದೆ ಒಂದೇ ಗುಂಪಾಗಿ ಎಣಿಸುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ತುಂಡು ವಿರಾಮದಿಂದ, ಅಂದರೆ ‘ಶ್’ನಲ್ಲಿರುವಂಥ ಅರ್ಧಾಕ್ಷರದ ಗುರುತಿನಿಂದ, ಮುಗಿದರೆ ಮುಂದಿನ ತುಂಡನ್ನೂ ಸೇರಿಸಿಕೊಳ್ಳುವ ನಾಲ್ಕು ಸಾಲು ಕೋಡನ್ನು ನಾವೇ ಬರೆದೆವು. ‘ಶ್ರೀ’ ವೃತ್ತದಲ್ಲಿ ಬಂದು ಕೂತಾಗ ಅದರ ಒತ್ತು ವೃತ್ತದ ಅಂಚಿಗೆ ತಾಗಿತು, ಅಕ್ಷರದ ಅಳತೆ ಸ್ವಲ್ಪ ಇಳಿಸಿದೆವು. ನಮ್ಮ ಹೆಸರಿನ ಮೊದಲ ಅಕ್ಷರ ನಮ್ಮದೇ ಅಕ್ಷರವಾಗಿ ಕಾಣಬೇಕು ಎನ್ನುವುದು ನನ್ನ ಮಟ್ಟಿಗೆ ಸಣ್ಣ ವಿಷಯವಲ್ಲ.

ದಪ್ಪಕ್ಷರಗಳದ್ದು ಇನ್ನೊಂದು ಕಥೆ. ಒಂದು ಪುಟದ ಶೀರ್ಷಿಕೆಗಳಿಗೆ ಟಿರೋ ಕನ್ನಡ ಬಳಸಿದ್ದೆವು. ಸುಂದರ ಫಾಂಟ್, ಪುಸ್ತಕದ ಗಾಂಭೀರ್ಯ ಅದಕ್ಕಿದೆ. ಆದರೆ ಅದರಲ್ಲಿ ಸಾಮಾನ್ಯ ಮತ್ತು ಓರೆ ಮಾತ್ರ ಇವೆ, ದಪ್ಪ ತೂಕ ಇಲ್ಲ. ಸಿಎಸ್‌ಎಸ್‌ನಲ್ಲಿ ಬೋಲ್ಡ್ ಎಂದಿದ್ದರೆ ಬ್ರೌಸರ್ ಸುಮ್ಮನಿರುವುದಿಲ್ಲ, ಇರುವ ಅಕ್ಷರವನ್ನೇ ಉಬ್ಬಿಸಿ ದಪ್ಪ ಮಾಡಿಕೊಡುತ್ತದೆ. ದೊಡ್ಡ ಶೀರ್ಷಿಕೆಯಲ್ಲಿ ಅದು ಅಷ್ಟಾಗಿ ಗೊತ್ತಾಗದು. 13 ಪಿಕ್ಸೆಲ್ಲಿನ ಉಪಶೀರ್ಷಿಕೆಯಲ್ಲಿ ‘ಪ್ರಥಮ ದರ್ಜೆ’ಯ ‘ಥ’ ಒಳಗಿನ ಚುಕ್ಕಿ ಮುಚ್ಚಿಹೋಗಿ ‘ಧ’ದ ಹಾಗೆ ಕಾಣುತ್ತಿತ್ತು. ಇದನ್ನು ಹುಡುಕಿ ಹಿಡಿದದ್ದು ನಾನಲ್ಲ, ಈ ಚಿತ್ರಗಳನ್ನು ಜೋಡಿಸಿಟ್ಟ ಗ್ಯಾಲರಿ ಪುಟವನ್ನು ನೋಡುವ ನಮ್ಮ ಕರಡು ತಿದ್ದುವವರು. ಅವರ ವಿಷಯಕ್ಕೆ ಬರುವ ಮೊದಲು ಹೋಲಿಕೆಯ ಲೆಕ್ಕವನ್ನು ಹೇಳಬೇಕು.

ಪ್ಲೇರೈಟ್ ಒಳಗೆ ಚಿತ್ರಗಳನ್ನು ಹೋಲಿಸುವುದು ಪಿಕ್ಸೆಲ್‌ಮ್ಯಾಚ್ ಎಂಬ ಪುಟ್ಟ ಲೈಬ್ರರಿ, ಮ್ಯಾಪ್‌ಬಾಕ್ಸ್‌ನವರದು. ಎರಡು ಪಿಕ್ಸೆಲ್‌ಗಳ ಬಣ್ಣ ಕಣ್ಣಿಗೆ ಎಷ್ಟು ಬೇರೆ ಎಂದು ಅದು ಅಳೆಯುತ್ತದೆ, ಬೇರೆ ಎನಿಸಿದ್ದನ್ನು ಕೆಂಪಾಗಿ ಗುರುತಿಸುತ್ತದೆ. ಎಷ್ಟು ಪಿಕ್ಸೆಲ್ ಬದಲಾದರೆ ಟೆಸ್ಟ್ ಸೋಲಬೇಕು ಎಂದು ನಾವು ಹೇಳಬಹುದು. ಅನೇಕ ತಂಡಗಳು ಶೇಕಡಾ 1ರವರೆಗೆ ಬಿಡುವು ಕೊಡುತ್ತವೆ, ಸುಮ್ಮಸುಮ್ಮನೆ ಸೋಲುವ ಟೆಸ್ಟ್‌ಗಳ ಕಾಟ ತಪ್ಪಲಿ ಎಂದು. ನಮ್ಮಲ್ಲೂ ಅದೇ ಸಲಹೆ ಬಂತು. ಕನ್ನಡಕ್ಕೆ ಆ ಬಿಡುವು ಹೇಗೆ ಬೀಳುತ್ತದೆ ನೋಡಿ. 160ಕ್ಕೆ 40ರ ಬಟನ್ ಎಂದರೆ 6,400 ಪಿಕ್ಸೆಲ್. ಅದರ ಶೇಕಡಾ 1 ಎಂದರೆ 64. 16 ಪಿಕ್ಸೆಲ್ ಅಳತೆಯ ಬರಹದಲ್ಲಿ ಒಂದು ಒತ್ತಿನ ಮಸಿ ಅಷ್ಟನ್ನು ತಲುಪುವುದು ಅಪರೂಪ. ಒತ್ತು ಪೂರ್ತಿ ಮಾಯವಾಗಿ ‘ಸಲ್ಲಿಸಿ’ ಎಂಬುದು ‘ಸಲಿಸಿ’ ಆದರೂ ಟೆಸ್ಟ್ ಹಸಿರು. 600ಕ್ಕೆ 400ರ ಡೈಲಾಗಿನಲ್ಲಿ ಬಿಡುವು 2,400 ಪಿಕ್ಸೆಲ್, ಅಲ್ಲಿ ಒಂದು ಇಡೀ ಪದ ಕಾಣೆಯಾದರೂ ಯಂತ್ರ ಮಾತಾಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಬಿಡುವು ಸೊನ್ನೆ. ಸೊನ್ನೆ ಇಡಲು ಸಾಧ್ಯವಾದದ್ದು ಮೊದಲು ಹೇಳಿದ ಬೇಸರದ ಕೆಲಸಗಳಿಂದಲೇ: ಒಂದೇ ಕಂಟೇನರ್, ಒಂದೇ ಬಗೆಯ ಯಂತ್ರ, ನಿಂತ ಗಡಿಯಾರ. ಆಮೇಲೂ ಯಾವುದಾದರೂ ಸ್ಟೋರಿ ಕಾರಣವಿಲ್ಲದೆ ಬದಲಾಗುತ್ತಿದ್ದರೆ ಅದರ ಕಾರಣ ಹುಡುಕುತ್ತೇವೆ, ಬಿಡುವು ಹೆಚ್ಚಿಸುವುದಿಲ್ಲ. ಸಮಯ ಹಿಡಿಯುತ್ತದೆ, ನಿಜ. ಆದರೆ ಹೀಗೆ ಹುಡುಕಿದಾಗಲೆಲ್ಲ ಸಿಕ್ಕಿದ್ದು ನಿಜವಾದ ದೋಷವೇ. ಒಮ್ಮೆ ಫಾಂಟ್ ಕಡತ ತಡವಾಗಿ ಬಂದು ಸಾಲುಗಳು ಕೆಳಗೆ ಜಿಗಿಯುತ್ತಿದ್ದವು. ನಿಧಾನದ ನೆಟ್‌ವರ್ಕಿನಲ್ಲಿ ಓದುವವರಿಗೆ ಅದು ದಿನವೂ ಆಗುತ್ತಿದ್ದ ತೊಂದರೆ.

ಯಂತ್ರ ಹೇಳುವುದು ‘ಬದಲಾಗಿದೆ’ ಎಂದಷ್ಟೇ. ಸರಿಯೋ ತಪ್ಪೋ ಎಂದು ಹೇಳಲು ಓದಬಲ್ಲ ಮನುಷ್ಯರು ಬೇಕು. ಪುಲ್ ರಿಕ್ವೆಸ್ಟ್ ಬಂದಾಗಲೆಲ್ಲ ಬದಲಾದ ಚಿತ್ರಗಳನ್ನು ಒಂದು ಸರಳ ವೆಬ್ ಪುಟದಲ್ಲಿ ಜೋಡಿಸುವ ಸ್ಕ್ರಿಪ್ಟ್ ಬರೆದೆ: ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಕೆಳಗೆ ಅದೇ ಕಾಂಪೊನೆಂಟಿನ ಇಂಗ್ಲಿಷ್ ರೂಪ. ಅದನ್ನು ತೆರೆಯಲು ಕೋಡ್ ಬೇಡ, ನೋಡ್ ಬೇಡ, ಕೊಂಡಿ ಒತ್ತಿದರೆ ಸಾಕು, ಫೋನಿನಲ್ಲೂ ಕಾಣುತ್ತದೆ. ನಮ್ಮ ಕನ್ನಡ ಬರಹಗಳ ಕರಡು ತಿದ್ದುವವರು ಮುದ್ರಣಾಲಯದಲ್ಲಿ ದುಡಿದವರು. ಅಲ್ಲಿಯವರೆಗೆ ಅವರಿಗೆ ಸಿಗುತ್ತಿದ್ದದ್ದು ಎಕ್ಸೆಲ್ ಹಾಳೆ: ಒಂದು ಕಾಲಮ್ಮಿನಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕನ್ನಡ. ಆ ಪದ ಬಟನ್ ಮೇಲೆ ಕೂರುತ್ತದೋ, ಎಚ್ಚರಿಕೆಯ ಪಟ್ಟಿಯಲ್ಲೋ, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಗ್ಯಾಲರಿ ಕೊಟ್ಟ ಮೊದಲ ವಾರವೇ ಅವರಿಂದ ಬಂದ ಟಿಪ್ಪಣಿಗಳು ನಾನು ಎಂದೂ ಗಮನಿಸದ ಸಂಗತಿಗಳು. ‘ಥ’ದ ಚುಕ್ಕಿ ಅವುಗಳಲ್ಲಿ ಒಂದು. ‘ಕಡತ ಆಯ್ಕೆ ಮಾಡಿ’ ಎಂಬುದು ಎರಡು ಸಾಲಾಗಿ ‘ಮಾಡಿ’ ಒಂದೇ ಕೆಳಗೆ ಬೀಳುತ್ತಿದೆ, ‘ಕಡತ ಆರಿಸಿ’ ಎಂದರೆ ಒಂದೇ ಸಾಲಿನಲ್ಲಿ ಕೂರುತ್ತದೆ ಎಂಬುದು ಇನ್ನೊಂದು. ಮೊತ್ತದ ಅಂಕಿ ಒಂದು ಸಾಲಿನಲ್ಲಿ, ‘ರೂಪಾಯಿ’ ಮುಂದಿನ ಸಾಲಿನಲ್ಲಿ ಬರುವುದು ಮತ್ತೊಂದು. ಅಕ್ಷರ ಜೋಡಿಸಿದ ಮೇಲೆ ಗ್ಯಾಲಿ ಪ್ರೂಫ್ ತೆಗೆದು ಓದುವ ಹಳೆಯ ಪದ್ಧತಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎಂದರು ಅವರು. ಈಗ ಕನ್ನಡ ಚಿತ್ರ ಬದಲಾದ ಯಾವ ಕೋಡೂ ಅವರ ಒಪ್ಪಿಗೆಯಿಲ್ಲದೆ ಸೇರುವುದಿಲ್ಲ. ಪ್ರೋಗ್ರಾಮರ್ ಅಲ್ಲದ ಒಬ್ಬರ ಕೈಯಲ್ಲಿ ಕೋಡ್ ತಡೆಯುವ ಅಧಿಕಾರ ಇರಬೇಕು ಎಂದು ತಂಡವನ್ನು ಒಪ್ಪಿಸಲು ಸ್ಕ್ರಿಪ್ಟ್ ಬರೆದದ್ದಕ್ಕಿಂತ ಹೆಚ್ಚು ಶ್ರಮವಾಯಿತು. ಅದು ಸರಿಯಾದ ನಿರ್ಧಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಲ್ಲವನ್ನೂ ಎಲ್ಲ ರೂಪದಲ್ಲೂ ತೆಗೆಯುವ ಆಸೆ ಬರುತ್ತದೆ: ಎರಡು ಭಾಷೆ, ಎರಡು ಥೀಮ್, ಮೂರು ಅಗಲ, ಮೂರು ಬ್ರೌಸರ್. ಒಂದು ಸ್ಟೋರಿಗೆ 36 ಚಿತ್ರ. ಅಷ್ಟನ್ನು ಯಾರೂ ನೋಡುವುದಿಲ್ಲ, ನೋಡದ ಚಿತ್ರಕ್ಕೆ ಬೆಲೆಯಿಲ್ಲ. ನಾವು ಕಪ್ಪು ಥೀಮನ್ನು ಒಂದೇ ಅಗಲಕ್ಕೆ ಇಳಿಸಿದೆವು. ಕನ್ನಡಕ್ಕೆ ಮಾತ್ರ 360 ಪಿಕ್ಸೆಲ್ ಅಗಲವನ್ನು ಕಡ್ಡಾಯ ಮಾಡಿದೆವು, ಏಕೆಂದರೆ ನಮ್ಮ ಕನ್ನಡ ಓದುಗರಲ್ಲಿ ಬಹುಪಾಲು ಜನ ಬರುವುದು ಫೋನಿನಿಂದ. ಕೆಲಸವನ್ನು ಶಾರ್ಡ್‌ಗಳಾಗಿ ಒಡೆದು ನಾಲ್ಕು ಯಂತ್ರಗಳಿಗೆ ಹಂಚಿದ್ದರಿಂದ ಕಾಯುವ ಹೊತ್ತು ಚಹಾ ಕುಡಿಯುವಷ್ಟಕ್ಕೆ ಇಳಿಯಿತು.

ಒಂದು ಜಾಗ ಮಾತ್ರ ಇನ್ನೂ ಯಂತ್ರದ ಕೈಗೆ ಸಿಕ್ಕಿಲ್ಲ. ಪ್ಲೇರೈಟಿನ ವೆಬ್‌ಕಿಟ್ ಲಿನಕ್ಸಿನಲ್ಲಿ ಓಡುವಾಗ ಅಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್, ಐಫೋನಿನ ಸಫಾರಿಯಲ್ಲಿ ಆ ಕೆಲಸ ಆ್ಯಪಲ್‌ನ ಕೋರ್‌ಟೆಕ್ಸ್ಟಿನದು. ವಿನ್ಯಾಸ ಮುರಿದದ್ದು ಈ ಚಿತ್ರಗಳಲ್ಲಿ ಸಿಗುತ್ತದೆ, ಐಫೋನಿನಲ್ಲಿ ಒತ್ತು ಕೂರುವ ರೀತಿ ಸಿಗುವುದಿಲ್ಲ. ಹಾಗಾಗಿ ಪ್ರತಿ ಬಿಡುಗಡೆಗೆ ಮುನ್ನ ‘ರಾಷ್ಟ್ರೀಯ’, ‘ಜ್ಯೋತ್ಸ್ನಾ’, ‘ಶಾಸ್ತ್ರಜ್ಞ’ ಇರುವ ಒಂದೇ ಉದ್ದ ಸ್ಟೋರಿಯನ್ನು ನಿಜವಾದ ಐಫೋನಿನಲ್ಲಿ ತೆರೆದು, ಚಿತ್ರ ತೆಗೆದು, ಗ್ಯಾಲರಿಗೆ ಕೈಯಿಂದ ಸೇರಿಸುತ್ತೇವೆ. ಕರಡು ತಿದ್ದುವವರು ಅದನ್ನೂ ಓದಿ ಸಹಿ ಹಾಕಿದ ಮೇಲೆಯೇ ಬಿಡುಗಡೆ.